ಹಳಿ ಕಿತ್ತ ಮೇಲೆ ಉಳಿದ ದಾರಿ

1916ರ ಹೊತ್ತಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ರೈಲುಮಾರ್ಗಗಳ ಒಟ್ಟು ಉದ್ದ ಸುಮಾರು 2,54,000 ಮೈಲಿ, ಅಂದರೆ ನಾಲ್ಕು ಲಕ್ಷ ಕಿಲೋಮೀಟರಿಗೂ ಮಿಗಿಲಾಗಿತ್ತು. ಅದೇ ಅದರ ಉತ್ತುಂಗ. ಅಲ್ಲಿಂದ ಮುಂದೆ ಕಾರು, ಲಾರಿ ಮತ್ತು ಹೆದ್ದಾರಿಗಳ ಪೈಪೋಟಿಯಲ್ಲಿ ಸಣ್ಣ ಊರುಗಳನ್ನು ಮುಟ್ಟುತ್ತಿದ್ದ ಕವಲು ಮಾರ್ಗಗಳು ನಷ್ಟಕ್ಕೆ ಬಿದ್ದು ಒಂದೊಂದಾಗಿ ಮುಚ್ಚತೊಡಗಿದವು. ಹೀಗೆ ಕೈಬಿಟ್ಟ ಮಾರ್ಗದ ಉಕ್ಕಿನ ಹಳಿ ಗುಜರಿಗೆ ಹೋದ ಮೇಲೆ ಸ್ಥಳದಲ್ಲಿ ಉಳಿಯುತ್ತಿದ್ದುದು ಜಲ್ಲಿ ಹಾಸಿದ ಏರಿ, ಗುಡ್ಡವನ್ನು ಸೀಳಿದ ಕೊರಕಲು, ಹೊಳೆಯ ಮೇಲಿನ ಸೇತುವೆ, ಅಲ್ಲಲ್ಲಿ ಒಂದು ಸುರಂಗ, ಮತ್ತು ಇವೆಲ್ಲವನ್ನೂ ಪೋಣಿಸಿದಂತೆ ಊರಿಂದೂರಿಗೆ ಹಬ್ಬಿದ ಕಿರಿದಾದ ನೆಲದ ಪಟ್ಟಿ. ಈ ಪಟ್ಟಿಗಳು ನಡೆಯುವವರ ಮತ್ತು ಸೈಕಲ್ ತುಳಿಯುವವರ ದಾರಿಗಳಾದ ಕಥೆಯನ್ನು ಉದ್ಯಾನಗಳ ಚರಿತ್ರೆಯ ಒಂದು ಅಧ್ಯಾಯವಾಗಿ ಹೇಳುವ ರೂಢಿಯಿದೆ. ಆದರೆ ಪಟ್ಟಿಯ ಬೆಲೆ ಇದ್ದುದು ಅದರ ಚೆಲುವಿನಲ್ಲಲ್ಲ, ಅದು ಎಲ್ಲೂ ತುಂಡಾಗದೆ ಉಳಿದಿತ್ತೆಂಬುದರಲ್ಲಿ. ಅದು ತುಂಡಾಗುವ ಮುನ್ನ ಭೂಮಿಯ ಕಾನೂನನ್ನು ಕಲಿತು ಅದಕ್ಕೆ ಅಡ್ಡ ನಿಂತ ಸಾಮಾನ್ಯ ನಿವಾಸಿಗಳ ಚರಿತ್ರೆಯೆಂದು ಇದನ್ನು ಓದುವುದು ಹೆಚ್ಚು ನ್ಯಾಯವಾದುದು.

ದಾರಿಗಾಗಿ ಜನ ಸಂಘಟಿತರಾದುದು ಅಲ್ಲಿ ಇದೇ ಮೊದಲಲ್ಲ. 1880ರಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಸ್ಥಾಪನೆಯಾದ ಸೈಕಲ್ ಸವಾರರ ಸಂಘ, ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್, ಕೆಸರಿನ ಗಾಡಿರಸ್ತೆಗಳನ್ನು ಸುಧಾರಿಸಬೇಕೆಂಬ ಚಳವಳಿಯ ಮುಂಚೂಣಿಯಲ್ಲಿತ್ತು. 1890ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಸುತ್ತಮುತ್ತ ರಸ್ತೆಯ ಅಂಚಿಗೆ ಹೊಂದಿಕೊಂಡು ಸೈಕಲ್ಲಿಗೆಂದೇ ಸಣ್ಣ ದಾರಿಗಳನ್ನು ಕಟ್ಟಲಾಯಿತು, 1899ರಲ್ಲಿ ಆ ರಾಜ್ಯ ಇಂಥ ಬದಿದಾರಿಗಳಿಗಾಗಿ ಕಾಯಿದೆಯನ್ನೂ ಮಾಡಿತು. ಸವಾರರು ಶುಲ್ಕ ಕೊಟ್ಟು ಬಿಲ್ಲೆ ಪಡೆದು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಿತ್ತು, ಆ ಹಣ ದಾರಿಯ ದುರಸ್ತಿಗೆ ಸಲ್ಲುತ್ತಿತ್ತು. ಆದರೆ ಈ ದಾರಿಗಳಿಗೆ ತಮ್ಮದೆಂಬ ಪ್ರತ್ಯೇಕ ನೆಲವಿರಲಿಲ್ಲ. ಮೋಟಾರು ಯುಗದಲ್ಲಿ ರಸ್ತೆಗಳು ಅಗಲವಾದಂತೆ ಅವು ರಸ್ತೆಯೊಳಗೇ ಕರಗಿಹೋದವು. ಬೇರೆಯವರ ನೆಲದ ಅಂಚಿನಲ್ಲಿ ಸಹನೆಯ ಮೇಲೆ ಬದುಕುವ ದಾರಿ ಎಷ್ಟು ದುರ್ಬಲವೆಂಬುದನ್ನು ಮುಂದಿನ ತಲೆಮಾರು ಇಲ್ಲಿಂದ ಕಲಿಯಬಹುದಿತ್ತು.

ಪ್ರತ್ಯೇಕ ನೆಲವಿದ್ದೂ ಅಪಾಯಕ್ಕೆ ಸಿಕ್ಕಿದ ದಾರಿಯೊಂದು ವಾಷಿಂಗ್ಟನ್ನಿನ ಬಾಗಿಲಲ್ಲೇ ಇತ್ತು. ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನವರೆಗೆ ಹೋಗುವ ಚೆಸಪೀಕ್ ಮತ್ತು ಒಹಾಯೊ ಕಾಲುವೆ 1924ರ ಪ್ರವಾಹದ ನಂತರ ಸಂಚಾರಕ್ಕೆ ಮುಚ್ಚಿತ್ತು. ದೋಣಿ ಎಳೆಯುವ ಹೇಸರಗತ್ತೆಗಳು ನಡೆಯುತ್ತಿದ್ದ ದಂಡೆಯ ಹಾದಿ ಮಾತ್ರ ಉಳಿದಿತ್ತು. ಅದರ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆಯನ್ನು 1954ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯ ಬೆಂಬಲಿಸಿದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಅದೇ ಪತ್ರಿಕೆಗೆ ಪತ್ರ ಬರೆದು, ಬರೆದವರು ತಮ್ಮೊಂದಿಗೆ ಆ ಹಾದಿಯನ್ನೊಮ್ಮೆ ನಡೆದು ನೋಡಬೇಕೆಂದು ಆಹ್ವಾನಿಸಿದರು. ಆ ಮಾರ್ಚಿನಲ್ಲಿ ನಡೆದ ಸುಮಾರು 185 ಮೈಲಿಗಳ ಕಾಲ್ನಡಿಗೆಯನ್ನು ಡಗ್ಲಸ್ ಸೇರಿ ಒಂಬತ್ತು ಜನ ಪೂರ್ತಿ ಮುಗಿಸಿದರು, ಪತ್ರಿಕೆಯೂ ತನ್ನ ನಿಲುವನ್ನು ಬದಲಿಸಿಕೊಂಡಿತು. ಆದರೂ ಕಾಲುವೆಯ ಪಟ್ಟಿ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಗಲು 1971ರವರೆಗೆ ಕಾಯಬೇಕಾಯಿತು.

ಕೈಬಿಟ್ಟ ರೈಲು ಪಟ್ಟಿಗೂ ಇಂಥದೇ ಕಲ್ಪನೆ ಹೊಂದುವುದೆಂದು ತೋರಿಸಿಕೊಟ್ಟದ್ದು ಷಿಕಾಗೋದ ಪಶ್ಚಿಮದ ಉಪನಗರಗಳು. 1902ರಿಂದ ಷಿಕಾಗೋ ನಗರವನ್ನು ಅರೋರಾ, ಎಲ್ಜಿನ್ ಪಟ್ಟಣಗಳೊಂದಿಗೆ ಬೆಸೆದಿದ್ದ ವಿದ್ಯುತ್ ರೈಲುಮಾರ್ಗವೊಂದು, ನಗರದ ಹೃದಯಕ್ಕೆ ಹೋಗಲು ತಾನು ಬಳಸುತ್ತಿದ್ದ ಎತ್ತರಿಸಿದ ಹಳಿಗಳನ್ನು ಹೆದ್ದಾರಿ ನಿರ್ಮಾಣಕ್ಕಾಗಿ ತೆಗೆದುಹಾಕಿದ್ದರಿಂದ, 1953ರಿಂದ ಫಾರೆಸ್ಟ್ ಪಾರ್ಕಿನಲ್ಲೇ ನಿಲ್ಲಬೇಕಾಯಿತು. ಅಲ್ಲಿಳಿದು ಬೇರೆ ಗಾಡಿ ಹಿಡಿಯುವ ತೊಂದರೆಗೆ ಬೇಸತ್ತ ಪ್ರಯಾಣಿಕರು ದೂರವಾದರು. 1957ರ ಜುಲೈ 3ರ ಮಧ್ಯಾಹ್ನ ಕಂಪನಿ ಪ್ರಯಾಣಿಕರ ಗಾಡಿಗಳನ್ನು ದಿಢೀರನೆ ನಿಲ್ಲಿಸಿದಾಗ, ಬೆಳಿಗ್ಗೆ ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗಿದ್ದವರಿಗೆ ಸಂಜೆ ಮನೆಗೆ ಮರಳಲು ರೈಲಿರಲಿಲ್ಲ. ಎರಡು ವರ್ಷಗಳಲ್ಲಿ ಸರಕು ಸಾಗಣೆಯೂ ನಿಂತಿತು. 1961ರಲ್ಲಿ ಮಾರ್ಗವನ್ನು ಅಧಿಕೃತವಾಗಿ ಕೈಬಿಡಲಾಯಿತು. ಹಳಿಯಿಲ್ಲದ ಪಟ್ಟಿಯಲ್ಲಿ ಹುಲ್ಲೂ ಪೊದೆಯೂ ಬೆಳೆದವು. ಬೇಗ ಬೆಳೆಯುತ್ತಿದ್ದ ಉಪನಗರಗಳಲ್ಲಿ ಅಂಥ ಖಾಲಿ ನೆಲದ ಮೇಲೆ ಕಣ್ಣಿಟ್ಟವರು ಅನೇಕರಿದ್ದರು.

ಲೈಲ್ ಪಟ್ಟಣದ ಮಾರ್ಟನ್ ಅರ್ಬೊರೀಟಮ್ ಎಂಬ ವೃಕ್ಷೋದ್ಯಾನದಲ್ಲಿ ಜನರಿಗೆ ನಿಸರ್ಗ ಪಾಠ ಹೇಳುತ್ತಿದ್ದ ಮೇ ಥೀಲ್‌ಗಾರ್ಡ್ ವಾಟ್ಸ್ (1893–1975) ಈ ಪಟ್ಟಿಯ ಕುರಿತು 1963ರ ಸೆಪ್ಟೆಂಬರಿನಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಬರೆದ ಪತ್ರ ಈ ಚರಿತ್ರೆಯ ಮೂಲ ದಾಖಲೆಗಳಲ್ಲೊಂದು. ಎರಡು ಕಾಲಿನ ಮೇಲೆ ನಡೆಯುವ ಮನುಷ್ಯರಿಗೆ ನಡೆಯಲೊಂದು ದಾರಿ ಬೇಕೆಂಬ ಸರಳ ವಾದದಿಂದ ಅದು ಹೊರಡುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಕಾಲುದಾರಿಗಳನ್ನೂ, ಸ್ವಯಂಸೇವಕರ ಕೂಟಗಳು ಕಟ್ಟಿ ಕಾಯ್ದುಕೊಂಡು ಬಂದಿದ್ದ ಅಪಲೇಚಿಯನ್ ಚಾರಣದಾರಿಯನ್ನೂ ನಿದರ್ಶನವಾಗಿ ಮುಂದಿಡುತ್ತದೆ. ಬುಲ್ಡೋಜರುಗಳು ಈ ನೆಲಕ್ಕಾಗಿ ಕಾದು ನಿಂತಿವೆಯೆಂದು ಎಚ್ಚರಿಸುತ್ತದೆ. ವಾಟ್ಸ್ ಅವರ ಮುಖ್ಯ ಒಳನೋಟ ಸಸ್ಯಶಾಸ್ತ್ರದಿಂದ ಬಂದುದು. ಉಳುಮೆಗೆ ಸಿಗದೆ ರೈಲು ಬೇಲಿಯೊಳಗೆ ಉಳಿದ ನೆಲದಲ್ಲಿ ಇಲಿನಾಯ್ ಸೀಮೆಯ ಮೂಲ ಹುಲ್ಲುಗಾವಲಿನ, ಅಂದರೆ ಪ್ರೇರಿಯ, ಕೊನೆಯ ತುಣುಕುಗಳು ಬದುಕಿದ್ದವು. ದಾರಿಗೆ ಇಲಿನಾಯ್ ಪ್ರೇರಿ ಪಾತ್ ಎಂಬ ಹೆಸರು ಬಂದುದು ಇದರಿಂದಲೇ.

ಪತ್ರದ ನಂತರ ಆದ ಕೆಲಸ ಪತ್ರದಷ್ಟು ಪ್ರಸಿದ್ಧವಲ್ಲ, ಆದರೆ ಅದಕ್ಕಿಂತ ದೊಡ್ಡದು. ವಾಟ್ಸ್ ಮತ್ತು ಅವರ ಒಡನಾಡಿಗಳು, ಅವರಲ್ಲಿ ಬಹುಮಂದಿ ಆ ಉಪನಗರಗಳ ಮಹಿಳೆಯರು, ಊರೂರಿನ ಸಭೆಗಳಲ್ಲಿ ಚಿತ್ರ ತೋರಿಸಿ ಮಾತಾಡಿದರು, ಪುರಸಭೆಗಳ ಮತ್ತು ಕೌಂಟಿ ಅಧಿಕಾರಿಗಳ ಮನವೊಲಿಸಿದರು. 1965ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿಕೊಂಡು, ಮರುವರ್ಷ ಡುಪೇಜ್ ಕೌಂಟಿಯಿಂದ ಪಟ್ಟಿಯನ್ನು ಗುತ್ತಿಗೆಗೆ ಪಡೆದರು. ಪೊದೆ ಸವರುವುದು, ಕಸ ಹೊರುವುದು, ಫಲಕ ನೆಡುವುದು ಎಲ್ಲವೂ ಸ್ವಯಂಸೇವಕರ ಪಾಲಿಗೇ ಬಂತು. 1971ರಲ್ಲಿ ಕೇಂದ್ರ ಸರ್ಕಾರ ಇದನ್ನು ರಾಷ್ಟ್ರೀಯ ವಿಹಾರದಾರಿಯೆಂದು ಗುರುತಿಸಿತು. ಇಂದು ಇದರ ಕವಲುಗಳೆಲ್ಲ ಸೇರಿ ಸುಮಾರು 60 ಮೈಲಿಗಳಷ್ಟಿವೆ.

ಇದೇ ಹೊತ್ತಿಗೆ ನೆರೆಯ ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್ ಮತ್ತು ಸ್ಪಾರ್ಟಾ ಪಟ್ಟಣಗಳ ನಡುವಿನ 32 ಮೈಲಿ ಪಟ್ಟಿಯನ್ನು 1965ರಲ್ಲಿ ಕೊಂಡು, ಎರಡು ವರ್ಷಗಳಲ್ಲಿ ದಾರಿಯಾಗಿ ತೆರೆಯಿತು. ಅದರ ಮೂರು ಸುರಂಗಗಳಲ್ಲಿ ದೊಡ್ಡದು ಮುಕ್ಕಾಲು ಮೈಲಿಯಷ್ಟು ಉದ್ದ. ನಡೆಯುವವರಿಗೆಂದು ತೆರೆದ ಈ ದಾರಿಯನ್ನು ಸೈಕಲ್ ಸವಾರರು ಬಹುಬೇಗ ತಮ್ಮದಾಗಿಸಿಕೊಂಡರು. ಉಗಿಬಂಡಿಗಳು ಕಡಿದಾದ ಏರನ್ನು ಹತ್ತಲಾರವಾದ್ದರಿಂದ ರೈಲು ಎಂಜಿನಿಯರುಗಳು ನೂರು ಅಡಿಗೆ ಎರಡು ಮೂರು ಅಡಿಗಿಂತ ಹೆಚ್ಚು ಏರದಂತೆ ಮಾರ್ಗ ಹಾಕುತ್ತಿದ್ದರು, ಆ ಸೌಮ್ಯ ಏರು ಮಕ್ಕಳಿಗೂ ಮುದುಕರಿಗೂ ಗಾಲಿಕುರ್ಚಿಯವರಿಗೂ ಒದಗಿ ಬಂತು.

ಇಲ್ಲಿಂದ ಮುಂದಿನ ಚರಿತ್ರೆ ಕಾನೂನಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಕಂಪನಿಗಳು ನೆಲ ಪಡೆದ ರೀತಿ ಒಂದೇ ಬಗೆಯದಲ್ಲ. ಕೆಲವೆಡೆ ಪೂರ್ಣ ಕ್ರಯಕ್ಕೆ ಕೊಂಡಿದ್ದವು, ಪಶ್ಚಿಮದ ಸೀಮೆಗಳಲ್ಲಿ ಕೇಂದ್ರ ಸರ್ಕಾರವೇ ಕೊಟ್ಟಿತ್ತು. ಎಷ್ಟೋ ಕಡೆ ಅವು ಪಡೆದಿದ್ದುದು ಅನುಭೋಗದ ಹಕ್ಕನ್ನು ಮಾತ್ರ, ಅಂದರೆ ಒಡೆತನ ರೈತನಲ್ಲೇ ಉಳಿದು, ಅವನ ನೆಲದ ಮೇಲೆ ರೈಲು ಓಡಿಸಲಷ್ಟೇ ಇರುವ ಹಕ್ಕನ್ನು. ರೈಲು ನಿಂತು ಮಾರ್ಗವನ್ನು ಕೈಬಿಟ್ಟೊಡನೆ ಆ ಹಕ್ಕು ಅಳಿದು ನೆಲ ಮೂಲ ಒಡೆಯನ ವಾರಸುದಾರರಿಗೆ ಸಲ್ಲುತ್ತಿತ್ತು. ಒಂದೇ ಪಟ್ಟಿಯಲ್ಲಿ ಈ ಬಗೆಗಳೆಲ್ಲ ಬೆರೆತಿರುತ್ತಿದ್ದುದರಿಂದ, ಹತ್ತು ಮೈಲಿ ದೂರದಲ್ಲಿ ಒಬ್ಬ ರೈತ ಬೇಲಿ ಹಾಕಿದರೂ ಇಡೀ ದಾರಿ ಎರಡಾಗುತ್ತಿತ್ತು. 1968ರ ರಾಷ್ಟ್ರೀಯ ಚಾರಣದಾರಿಗಳ ಕಾಯಿದೆ ದಾರಿಗಳಿಗೆ ಮನ್ನಣೆ ಕೊಟ್ಟಿತೇ ಹೊರತು ಈ ತೊಡಕನ್ನು ಬಿಡಿಸಲಿಲ್ಲ. 1980ರ ಸ್ಟ್ಯಾಗರ್ಸ್ ಕಾಯಿದೆ ರೈಲು ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ಸಡಿಲಿಸಿದ ಕಾಲದಲ್ಲಂತೂ ಪಟ್ಟಿಗಳು ಇನ್ನಷ್ಟು ವೇಗವಾಗಿ ಕೈಬಿಟ್ಟುಹೋಗುತ್ತಿದ್ದವು.

ಇದಕ್ಕೆ ಉತ್ತರವಾಗಿ 1983ರಲ್ಲಿ ಸಂಸತ್ತು ಚಾರಣದಾರಿಗಳ ಕಾಯಿದೆಗೆ ಮಾಡಿದ ತಿದ್ದುಪಡಿ ರೈಲ್‌ಬ್ಯಾಂಕಿಂಗ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದರ ಪ್ರಕಾರ ಯಾವುದಾದರೂ ಸಂಸ್ಥೆ ಅಥವಾ ಸರ್ಕಾರ ಪಟ್ಟಿಯ ನಿರ್ವಹಣೆ, ತೆರಿಗೆ ಮತ್ತು ಅಪಘಾತಗಳ ಹೊಣೆಯನ್ನು ಹೊರಲು ಮುಂದೆ ಬಂದು, ರೈಲು ಕಂಪನಿಯೂ ಒಪ್ಪಿದರೆ, ಮಾರ್ಗವನ್ನು ಕೈಬಿಡಲಾಗಿದೆಯೆಂದು ಕಾನೂನು ಭಾವಿಸುವುದಿಲ್ಲ. ಅದು ಮುಂದಿನ ರೈಲು ಬಳಕೆಗಾಗಿ ಕಾಯ್ದಿರಿಸಿದ್ದಾಗಿಯೂ ಅಲ್ಲಿಯವರೆಗೆ ದಾರಿಯಾಗಿಯೂ ಉಳಿಯುತ್ತದೆ. ಮಾತುಕತೆಗೆ ಮೊದಲಲ್ಲಿ ಸಿಗುತ್ತಿದ್ದುದು ಆರು ತಿಂಗಳು. ಅಷ್ಟರಲ್ಲಿ ಅರ್ಜಿ ಹಾಕಿ, ಹಣ ಹೊಂದಿಸಿ, ಹೊಣೆ ಹೊರುವವರನ್ನು ಒಪ್ಪಿಸಬೇಕಾದರೆ ಸ್ಥಳೀಯರು ಎಚ್ಚರದಿಂದಿರಬೇಕಿತ್ತು. 1986ರಲ್ಲಿ ಡೇವಿಡ್ ಬರ್‌ವೆಲ್ ಮತ್ತು ಪೀಟರ್ ಹಾರ್ನಿಕ್ ಸ್ಥಾಪಿಸಿದ ರೈಲ್ಸ್-ಟು-ಟ್ರೇಲ್ಸ್ ಕನ್ಸರ್ವೆನ್ಸಿಯ ಆರಂಭದ ಕೆಲಸಗಳಲ್ಲಿ, ಯಾವ ಮಾರ್ಗ ಮುಚ್ಚಲಿದೆಯೆಂಬ ಸುದ್ದಿಯನ್ನು ಸಕಾಲಕ್ಕೆ ಊರಿನವರಿಗೆ ಮುಟ್ಟಿಸುವುದು ಮುಖ್ಯವಾಗಿತ್ತು.

ನೆರೆಯ ಭೂಮಾಲೀಕರ ವಿರೋಧವನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವ ಬರಹಗಳುಂಟು, ಅದು ಅನ್ಯಾಯ. ಅಜ್ಜನ ಕಾಲದಲ್ಲಿ ರೈಲಿಗೆಂದು ಕೊಟ್ಟ ನೆಲ ರೈಲು ನಿಂತ ಮೇಲೆ ತಮಗೆ ಬರುವುದೆಂದು ನಂಬಿದ್ದವರಿಗೆ, ಅದು ಅಪರಿಚಿತರು ಓಡಾಡುವ ದಾರಿಯಾದದ್ದು ಕಾನೂನಿನ ಕೈಚಳಕದಂತೆ ತೋರಿದ್ದು ಸಹಜ. 1986ರ ಪ್ರವಾಹದಲ್ಲಿ ಕೆಟ್ಟು ನಿಂತ ಮಿಸ್ಸೌರಿಯ ಕೇಟಿ ಮಾರ್ಗದಲ್ಲಿ ರೈತರು ನ್ಯಾಯಾಲಯಕ್ಕೆ ಹೋದರು. ಅಲ್ಲಿ ದಾರಿ ಸಾಧ್ಯವಾದದ್ದು ಟೆಡ್ ಮತ್ತು ಪ್ಯಾಟ್ ಜೋನ್ಸ್ ದಂಪತಿ ಕೊಟ್ಟ 22 ಲಕ್ಷ ಡಾಲರುಗಳ ದಾನದಿಂದ. 1990ರಲ್ಲಿ ಮೊದಲ ಭಾಗ ತೆರೆಯಿತು, ಈಗ ಅದು ಸುಮಾರು 240 ಮೈಲಿ. ಅದೇ ವರ್ಷ ವರ್ಮಾಂಟಿನ ಪ್ರೆಸೋ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1983ರ ತಿದ್ದುಪಡಿಯನ್ನು ಎತ್ತಿಹಿಡಿದರೂ, ನೆಲ ಕಳೆದುಕೊಂಡವರು ಸರ್ಕಾರದಿಂದ ಪರಿಹಾರ ಕೇಳುವ ಬಾಗಿಲನ್ನು ತೆರೆದೇ ಇಟ್ಟಿತು. 1996ರಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯವೊಂದು ಮೊಕದ್ದಮೆ ಹೂಡಿದ್ದ ಪ್ರೆಸೋ ಕುಟುಂಬದ ಹಕ್ಕನ್ನು ಒಪ್ಪಿತು. ದಾರಿ ಉಳಿಯಲಿ, ಅದರ ಬೆಲೆಯನ್ನು ಒಬ್ಬ ನೆರೆಯವನಲ್ಲದೆ ಇಡೀ ದೇಶ ತೆರಲಿ ಎಂಬ ಈ ಇತ್ಯರ್ಥ ಚಳವಳಿಗೆ ಹಿನ್ನಡೆಯಾಗಲಿಲ್ಲ, ನೈತಿಕ ಬಲವಾಯಿತು.

1991ರ ಸಾರಿಗೆ ಕಾಯಿದೆ ಹೆದ್ದಾರಿಗಳ ಅನುದಾನದ ಒಂದು ಪಾಲನ್ನು ಇಂಥ ದಾರಿಗಳಿಗೂ ಬಳಸಲು ಬಿಟ್ಟದ್ದರಿಂದ ಹಣದ ಮುಗ್ಗಟ್ಟು ಸಡಿಲಾಯಿತು. ಈಗ ದೇಶದಲ್ಲಿ 25,000 ಮೈಲಿಗೂ ಹೆಚ್ಚು ರೈಲುಪಟ್ಟಿಯ ದಾರಿಗಳಿವೆ. ಪೆನ್ಸಿಲ್ವೇನಿಯಾದ ಒಹಾಯೊಪೈಲ್ ಬಳಿ 1986ರಲ್ಲಿ ಸಣ್ಣದಾಗಿ ತೆರೆದ ಒಂದು ತುಂಡು, ಊರೂರಿನ ಸಂಘಗಳು ಸೇತುವೆಗೊಂದು ಸುರಂಗಕ್ಕೊಂದು ಎಂಬಂತೆ ಹಣ ಕೂಡಿಸಿದ್ದರಿಂದ, 2013ರಲ್ಲಿ ಪಿಟ್ಸ್‌ಬರ್ಗಿನಿಂದ ಕಂಬರ್‌ಲ್ಯಾಂಡಿನವರೆಗೆ 150 ಮೈಲಿಗಳ ಗ್ರೇಟ್ ಅಲೆಗೆನಿ ಪ್ಯಾಸೇಜ್ ಆಗಿ ಪೂರ್ಣಗೊಂಡಿತು, ಅದು ಡಗ್ಲಸ್ ನಡೆದ ಕಾಲುವೆಯ ಹಾದಿಗೆ ಕೂಡಿಕೊಳ್ಳುತ್ತದೆ.

ಮರುವರ್ಷವೇ, 2014ರ ಮಾರ್ಚ್ 10ರಂದು, ವಯೋಮಿಂಗಿನ ಬ್ರಾಂಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಟಕ್ಕೆ ಒಂದರ ಬಹುಮತದಿಂದ, 1875ರ ಕಾಯಿದೆಯಡಿ ಸರ್ಕಾರ ರೈಲುಗಳಿಗೆ ಕೊಟ್ಟದ್ದು ಅನುಭೋಗದ ಹಕ್ಕು ಮಾತ್ರವೆಂದೂ, ಮಾರ್ಗ ಕೈಬಿಟ್ಟ ಮೇಲೆ ಆ ನೆಲದ ಮೇಲೆ ಸರ್ಕಾರಕ್ಕೆ ಹಕ್ಕು ಉಳಿಯದೆಂದೂ ತೀರ್ಪಿತ್ತಿತು. ರೈಲ್‌ಬ್ಯಾಂಕಿಂಗಿಗೆ ಒಳಪಟ್ಟ ಪಟ್ಟಿಗಳನ್ನು ಈ ತೀರ್ಪು ಮುಟ್ಟುವುದಿಲ್ಲ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅವು ಕೈಬಿಟ್ಟವೇ ಅಲ್ಲ. ಹಾಗೆ ಕಾಯ್ದಿರಿಸದೆ ಮುಚ್ಚಿದ ಪಶ್ಚಿಮದ ಮಾರ್ಗಗಳಲ್ಲಿ ಮಾತ್ರ, ದಾರಿ ಬೇಕೆನ್ನುವ ಊರಿನವರು ಕೌಂಟಿ ಕಚೇರಿಯ ಹಳೆಯ ಕ್ರಯಪತ್ರಗಳನ್ನು ಒಂದೊಂದಾಗಿ ತೆರೆದು, ಪ್ರತಿ ತುಂಡಿನ ಒಡೆಯ ಯಾರೆಂದು ತಿಳಿದು, ಅವನ ಮನೆಬಾಗಿಲಿಗೆ ಹೋಗಿ ಒಪ್ಪಿಗೆ ಕೇಳಬೇಕಾಗಿದೆ.