ಸೂಟಿ ಬೇರೆ, ರಜೆ ಬೇರೆ

ನಮ್ಮ ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಸೂಟಿ ಎಂಬುದೊಂದು ಶಬ್ದ, ರಜೆ ಎಂಬುದು ಇನ್ನೊಂದು. ಬೈಲಹೊಂಗಲದ ಪೇಟೆಯಲ್ಲಾಗಲಿ, ಸವದತ್ತಿಯ ಕಚೇರಿಯ ಕಟ್ಟೆಯಲ್ಲಾಗಲಿ ಜನರು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದೂ ಉಂಟು. ಆದರೆ ಮೂಲಕ್ಕೆ ಹೋದರೆ ಇವೆರಡೂ ಒಂದೇ ಅಲ್ಲ. ಸೂಟಿ ಮರಾಠಿಯಿಂದ ಬಂದ ಮಾತು; ಬಿಡುಗಡೆ ಎಂಬುದು ಅದರ ಅರ್ಥ. ಬಾಗಿಲು ಮುಚ್ಚಿತೆಂದರೆ ಎಲ್ಲರಿಗೂ ಒಮ್ಮೆಲೇ ಸೂಟಿ. ರಜೆಯಾದರೋ ಅರಬಿಯಿಂದ ಹೊರಟು ಹಲವು ಭಾಷೆಗಳನ್ನು ದಾಟಿ ನಮ್ಮಲ್ಲಿಗೆ ಬಂದದ್ದು. ಒಪ್ಪಿಗೆ, ಅನುಮತಿ ಎಂದು ಅದರ ಅರ್ಥ. ಒಬ್ಬನು ಕೇಳಬೇಕು, ಇನ್ನೊಬ್ಬನು ಕೊಡಬೇಕು.

ಈ ಭೇದವು ಕೇವಲ ನಿಘಂಟಿನದಲ್ಲ. ಕಚೇರಿಯು ಮಧ್ಯಾಹ್ನಕ್ಕೇ ಮುಚ್ಚಿದ ದಿನ ಒಬ್ಬ ಕಾರಕೂನನು ರಜೆಯಲ್ಲಿದ್ದನೆನ್ನಿರಿ. ಉಳಿದವರು ಅರ್ಧ ದಿನ ದುಡಿದು ಪೂರ್ತಿ ದಿನದ ಹಾಜರಿ ಪಡೆದರು. ಇವನ ಲೆಕ್ಕದಲ್ಲಿ ಮಾತ್ರ ಪೂರ್ತಿ ಒಂದು ದಿನದ ರಜೆ ಖರ್ಚಾಯಿತು. ಇದು ನ್ಯಾಯವೇ? ಪ್ರಶ್ನೆ ಚಿಕ್ಕದಾಗಿ ತೋರುತ್ತದೆ. ಆದರೆ ಇದನ್ನೇ ಕೊಂಚ ಅಗಲ ಮಾಡಿ ಕೇಳಿದರೆ, 'ಬಾಗಿಲು ಮುಚ್ಚುವ ಅಧಿಕಾರ ಒಬ್ಬನದು. ಮುಚ್ಚಿದ್ದರಿಂದಾಗುವ ಹಾನಿ ಯಾರದು?' ಎಂದಾಗುತ್ತದೆ. ಆಗ ಅದು ನೂರು ವರ್ಷಗಳಿಗೂ ಮೀರಿದ ಇತಿಹಾಸವುಳ್ಳ ಪ್ರಶ್ನೆಯಾಗುತ್ತದೆ. ಆ ಇತಿಹಾಸದ ಒಂದು ಎಳೆ ನಮ್ಮ ಹತ್ತಿಯ ಸೀಮೆಯಲ್ಲಿಯೇ ಹಾಯ್ದು ಹೋಗಿದೆ.

ಕಾಯಿದೆಗಳು ಬರುವುದಕ್ಕೆ ಮುಂಚೆ ಈ ನಾಡಿನಲ್ಲಿ ವಿಶ್ರಾಂತಿ ಇರಲಿಲ್ಲವೆಂದಲ್ಲ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬುದು ನಮ್ಮ ಒಕ್ಕಲಿಗರ ನೇಮ. ಅಮಾವಾಸ್ಯೆಗೆ ಉಳುಮೆಯಿಲ್ಲ, ಕಾರಹುಣ್ಣಿವೆಗೆ ಎತ್ತಿಗೇ ಹಬ್ಬ. ಈ ಬಿಡುವಿಗೆ ಯಾವ ಕರಾರೂ ಇಲ್ಲ. ಕಳೆದ ವರ್ಷ ಇಷ್ಟು ದಿನ ನೊಗ ಹೊತ್ತಿದ್ದರೆ ಮಾತ್ರ ಈ ಸೋಮವಾರ ಬಿಡುವು ಎಂದು ಯಾವ ಒಕ್ಕಲಿಗನೂ ತನ್ನ ಎತ್ತಿಗೆ ಹೇಳಿದ್ದಿಲ್ಲ. ಮನುಷ್ಯನ ರಜೆಗೆ ಮಾತ್ರ ಆ ಕರಾರು ಬಂದಿತು.

೧೮೨೪ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದನು. ಅದೇ ವರ್ಷದ ಕೊನೆಗೆ ಕಿತ್ತೂರು ಬಿದ್ದಿತು. ರಾಣಿ ಚನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಯೇ ತೀರಿಕೊಂಡಳು. ೧೮೩೬ರಲ್ಲಿ ಬೆಳಗಾವಿ ಬೇರೆ ಜಿಲ್ಲೆಯಾಯಿತು. ಸಂಪಗಾವಿ ತಾಲೂಕಿಗೆ ಬೈಲಹೊಂಗಲವೂ ಪರಸಗಡ ತಾಲೂಕಿಗೆ ಸವದತ್ತಿಯೂ ಮುಖ್ಯ ಠಾಣೆಗಳಾದವು. ರಾಮದುರ್ಗ ಮಾತ್ರ ಸಂಸ್ಥಾನವಾಗಿ ಬೇರೆ ಉಳಿಯಿತು. ಮಾಮಲೇದಾರ ಕಚೇರಿಯೊಡನೆ ಗಡಿಯಾರ ಬಂದಿತು, ಹಾಜರಿ ಪುಸ್ತಕ ಬಂದಿತು, ರವಿವಾರದ ಸೂಟಿಯೂ ಬಂದಿತು.

ಆದರೆ ರವಿವಾರದ ಸೂಟಿ ಕಚೇರಿಯವರಿಗೆ ಬಂದಷ್ಟು ಸುಲಭವಾಗಿ ಗಿರಣಿಯವರಿಗೆ ಬರಲಿಲ್ಲ. ಹಿಂದುಸ್ತಾನದ ಮೊದಲನೆಯ ಕಾರಖಾನೆ ಕಾಯಿದೆ ೧೮೮೧ರದು. ಅದು ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ಸೂಟಿ ಕೊಟ್ಟಿತು. ದೊಡ್ಡವರ ಮಾತನ್ನೇ ಎತ್ತಲಿಲ್ಲ. ೧೮೮೪ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾಮಗಾರರ ಸಭೆ ಕೂಡಿಸಿ ವಾರಕ್ಕೊಂದು ದಿನದ ಬಿಡುವು ಬೇಡಿದರು. ಗಿರಣಿ ಮಾಲಕರು ಅದಕ್ಕೆ ಒಪ್ಪಿದ್ದು ೧೮೯೦ರಲ್ಲಿ. ಕಾಯಿದೆ ಅದನ್ನು ಮನ್ನಿಸಿದ್ದು ೧೮೯೧ರಲ್ಲಿ. ಇಂದು ನಾವು ರವಿವಾರವನ್ನು ಪಂಚಾಂಗದ ಕೊಡುಗೆಯೆಂಬಂತೆ ಅನುಭವಿಸುತ್ತೇವೆ. ಅದು ಬೇಡಿ ಪಡೆದದ್ದೆಂಬುದು ನೆನಪಿನಲ್ಲಿರುವುದು ಒಳ್ಳೆಯದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಕಾರಖಾನೆಗಳು ಈ ಕಾಯಿದೆಗಳಿಂದ ಹೊರಗೆ ಉಳಿದವು. ಹೀಗೆ ಹೊರಗೆ ಉಳಿದವುಗಳಲ್ಲಿ ಮುಖ್ಯವಾದವು ಹತ್ತಿ ಜಿನ್ನಿಂಗ್ ಗಿರಣಿಗಳು. ನಮ್ಮ ಕರಿಯ ಮಣ್ಣಿನ ಹತ್ತಿ ಕುಮಟಾ ಬಂದರದ ಮೂಲಕ ಹಡಗು ಏರುತ್ತಿದ್ದುದರಿಂದ ಹೊರನಾಡಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅದರ ಧಾರಣೆ ಮುಗಿಲು ಮುಟ್ಟಿತ್ತು. ಮೊದಲು ಹೆಣ್ಣುಮಕ್ಕಳು ಮನೆಯಂಗಳದಲ್ಲಿ ಕಲ್ಲು ಮತ್ತು ಕಬ್ಬಿಣದ ಸಲಾಕೆಯಿಂದ ಬೀಜ ಬಿಡಿಸುತ್ತಿದ್ದರು. ಮುಂದೆ ಆ ಕೆಲಸ ಉಗಿಯಂತ್ರದ ಗಿರಣಿಗೆ ಹೋಯಿತು. ಅವರೂ ಅದರ ಹಿಂದೆ ಗಿರಣಿಗೆ ಹೋದರು. ಸುಗ್ಗಿ ಬಂದಾಗ ಯಂತ್ರಕ್ಕೆ ಬಿಡುವಿಲ್ಲ. ಸುಗ್ಗಿ ತೀರಿದ ಮೇಲೆ ಬಾಗಿಲಿಗೆ ಬೀಗ. ಸುಗ್ಗಿಯ ದಿನಗಳಲ್ಲಿ ಇಂಥ ಗಿರಣಿಗಳ ದುಡಿಮೆಯ ವೇಳೆಗೆ ಮಿತಿಯೇ ಇಲ್ಲವೆಂಬ ಮಾತು ಸರಕಾರದ ಕಿವಿಗೆ ಬಿದ್ದಿತ್ತು. ಆದರೂ ನಾಲ್ಕು ತಿಂಗಳೊಳಗಿನ ಗಿರಣಿಗಳು ಕಾಯಿದೆಯ ಒಳಗೆ ಬರಲು ೧೯೧೧ರವರೆಗೆ ಕಾಯಬೇಕಾಯಿತು.

ಒಳಗೆ ಬಂದರೂ ಪಂಕ್ತಿ ಬೇರೆಯೇ ಆಯಿತು. ೧೯೩೪ರ ಕಾಯಿದೆ ಕಾರಖಾನೆಗಳನ್ನು ಎರಡಾಗಿ ವಿಂಗಡಿಸಿತು. ವರ್ಷವಿಡೀ ನಡೆಯುವ ಕಾರಖಾನೆಯಲ್ಲಿ ವಾರಕ್ಕೆ ೫೪ ತಾಸು. ಹಂಗಾಮಿ ಕಾರಖಾನೆಯಲ್ಲಿ ೬೦ ತಾಸು. ೧೯೪೫ರ ತಿದ್ದುಪಡಿಯಿಂದ ವರ್ಷಕ್ಕೆ ಹತ್ತು ದಿನ ಪಗಾರಸಹಿತ ರಜೆ ದೊರೆಯಿತು. ಆದರೆ ಅದಕ್ಕೆ ಹನ್ನೆರಡು ತಿಂಗಳ ಎಡೆಬಿಡದ ಸೇವೆ ಬೇಕಾಗಿತ್ತು. ಹಂಗಾಮಿನಲ್ಲಿ ದುಡಿಯುವವಳಿಗೆ ಹನ್ನೆರಡು ತಿಂಗಳು ಎಲ್ಲಿಂದ ಬರಬೇಕು? ರಾಮದುರ್ಗದವರಿಗೆ ಅಷ್ಟೂ ಇರಲಿಲ್ಲ. ಬ್ರಿಟಿಷ್ ಹಿಂದುಸ್ತಾನದ ಕಾಯಿದೆ ಸಂಸ್ಥಾನದ ಗಡಿಗೆ ಬಂದು ನಿಲ್ಲುತ್ತಿತ್ತು. ೧೯೪೮ರ ಮಾರ್ಚ್ ೮ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸ್ವತಂತ್ರ ಭಾರತದ ಹೊಸ ಕಾರಖಾನೆ ಕಾಯಿದೆ ಜಾರಿಗೆ ಬಂದದ್ದು ೧೯೪೯ರ ಏಪ್ರಿಲ್ ೧ರಂದು. ಹೀಗೆ ಸವದತ್ತಿ, ರಾಮದುರ್ಗಗಳ ದುಡಿಮೆಗಾರರು ಮೊದಲ ಸಲ ಒಂದೇ ಲೆಕ್ಕಕ್ಕೆ ಒಳಪಟ್ಟರು.

ಆ ಲೆಕ್ಕವನ್ನು ಕೊಂಚ ವಿವರವಾಗಿ ನೋಡುವುದು ಅವಶ್ಯ. ೧೯೪೮ರ ಆ ಕಾಯಿದೆಯ ಪ್ರಕಾರ ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ ರಜೆ. ರಜೆಯ ನಡುವೆಯಾಗಲಿ ಎರಡು ತುದಿಗಳಲ್ಲಾಗಲಿ ಬರುವ ಸೂಟಿಯನ್ನು ರಜೆಯೆಂದು ಎಣಿಸತಕ್ಕದ್ದಲ್ಲ. ಅರ್ಧ ದಿನ ಅಥವಾ ಅದಕ್ಕೂ ಮೇಲ್ಪಟ್ಟು ಉಳಿದರೆ ಅದನ್ನು ಪೂರ್ತಿ ಒಂದು ದಿನವೆಂದೇ ಹಿಡಿಯಬೇಕು. ಇಷ್ಟರ ಮಟ್ಟಿಗೆ ಅದು ಉದಾರವಾದ ಕಾಯಿದೆ. ಆದರೆ ಹೊಸ್ತಿಲಲ್ಲಿಯೇ ಒಂದು ಕರಾರು: ಆ ವರ್ಷ ಕನಿಷ್ಠ ೨೪೦ ದಿನ ದುಡಿದಿರಬೇಕು. ತಿಂಗಳಿಗೆ ೨೬ ದಿನದಂತೆ ಎಣಿಸಿದರೆ ೨೪೦ ದಿನವೆಂದರೆ ಒಂಬತ್ತು ತಿಂಗಳಿಗೂ ಹೆಚ್ಚು. ಆರು ತಿಂಗಳ ಹಂಗಾಮಿನಲ್ಲಿ ಒಂದು ದಿನವೂ ತಪ್ಪದೆ ಬಂದವಳ ದುಡಿಮೆ ೧೫೬ ದಿನ. ಇಪ್ಪತ್ತಕ್ಕೊಂದರಂತೆ ಅವಳಿಗೆ ಎಂಟು ದಿನ ಬರಬೇಕಾಗಿತ್ತು. ಬಂದದ್ದು ಸೊನ್ನೆ.

ಮಾಲಕನೇ ಕೆಲಸ ನಿಲ್ಲಿಸಿದರೆ? ಕಾಯಿದೆ ಅದನ್ನು ಯೋಚಿಸದೆ ಬಿಟ್ಟಿರಲಿಲ್ಲ. ನಿಯಮದಂತೆ ಲೇ-ಆಫ್ ಮಾಡಿದ ದಿನಗಳನ್ನು ೨೪೦ರ ಹೊಸ್ತಿಲು ದಾಟುವುದಕ್ಕಾಗಿ ದುಡಿದ ದಿನಗಳೆಂದೇ ಎಣಿಸಬೇಕು; ಆದರೆ ಆ ದಿನಗಳಿಗಾಗಿ ರಜೆ ಹುಟ್ಟುವುದಿಲ್ಲ. ಇದು ತೂಕ ತಿಳಿದವರು ಮಾಡಿದ ನ್ಯಾಯ. ಬಾಗಿಲು ಮುಚ್ಚಿದ್ದು ಕಾಮಗಾರನ ತಪ್ಪಲ್ಲ, ಆದುದರಿಂದ ಅವನ ಹಕ್ಕು ಹೋಗಬಾರದು. ಅವನು ದುಡಿದೂ ಇಲ್ಲ, ಆದುದರಿಂದ ಹಕ್ಕು ಬೆಳೆಯಲೂ ಬಾರದು. ೧೯೫೩ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ ಕಲಮು ಇನ್ನೂ ಸೂಕ್ಷ್ಮವಾದದ್ದು. ವೇಳೆಗೆ ಸರಿಯಾಗಿ ಬಂದು ನಿಂತವನಿಗೆ ಎರಡು ತಾಸಿನೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ-ಆಫ್. ಮಧ್ಯಾಹ್ನ ಬಾ ಎಂದು ಹೇಳಿ ಆಗ ಕೆಲಸ ಕೊಟ್ಟರೆ ಅರ್ಧ ದಿನದ ಲೇ-ಆಫ್. ಮಧ್ಯಾಹ್ನ ಬಂದರೂ ಕೆಲಸವಿಲ್ಲವೆಂದರೆ ಆ ಅರ್ಧ ದಿನಕ್ಕೆ ಪೂರ್ತಿ ಪಗಾರ. ಅರ್ಧ ದಿನಕ್ಕೂ ಬೆಲೆಯುಂಟು, ಕಾಯಿಸಿದ್ದಕ್ಕೂ ಬೆಲೆಯುಂಟು ಎಂದು ಒಪ್ಪಿಕೊಂಡ ಮಾತು ಇದು. ಆದರೆ ಲೇ-ಆಫಿನ ಪರಿಹಾರವನ್ನು ಹೇಳುವ ಅಧ್ಯಾಯದಲ್ಲಿ ಮತ್ತೆ ಅದೇ ಅಪವಾದ: ಹಂಗಾಮಿ ಕಾರಖಾನೆಗಳಿಗೆ ಇದು ಅನ್ವಯಿಸದು!

ಕಾಲ ಹೋದಂತೆ ಹೊಸ್ತಿಲು ತಗ್ಗಿದೆ. ಕೆಲಸದಿಂದ ತೆಗೆಯಲ್ಪಟ್ಟವರಿಗೂ ತಾವೇ ಬಿಟ್ಟವರಿಗೂ ೨೪೦ ದಿನ ತುಂಬದಿದ್ದರೂ ದುಡಿದಷ್ಟಕ್ಕೆ ರಜೆಯ ಹಣ ಸಲ್ಲಬೇಕೆಂದು ೧೯೭೬ರ ತಿದ್ದುಪಡಿ ಹೇಳಿತು. ಪ್ರಮಾಣಕ್ಕೆ ತಕ್ಕ ನ್ಯಾಯ ಅಸಾಧ್ಯವಲ್ಲವೆಂದು ಕಾಯಿದೆಯೇ ಒಪ್ಪಿದಂತಾಯಿತು. ಆದರೆ ಹಂಗಾಮು ತೀರಿದಾಗ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. 'ನಾಳೆ ಬರಬೇಡ' ಎಂದರೆ ಮುಗಿಯಿತು. ಹಾಜರಿ ಪಟ್ಟಿಯಲ್ಲಿ ಹೆಸರೇ ಇಲ್ಲದವಳು ತಾನು ಬಿಟ್ಟೆನೆಂದಾಗಲಿ, ಬಿಡಿಸಿದರೆಂದಾಗಲಿ ಯಾವ ಕಾಗದ ತೋರಿಸಬೇಕು? ೨೦೨೦ರಲ್ಲಿ ಆದ ಕಾರ್ಮಿಕ ಸಂಹಿತೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ೨೪೦ ಹೋಗಿ ೧೮೦ ಆಯಿತು. ಇದು ನಿಜವಾದ ಮುನ್ನಡೆಯೇ ಸರಿ. ಆದರೂ ಏಳು ತಿಂಗಳ ಹಂಗಾಮೆಂದರೆ ೧೮೨ ದಿನ. ಮಳೆ ಕೈಕೊಟ್ಟು ಬೆಳೆ ಕಡಿಮೆಯಾಗಿ ಗಿರಣಿ ಮೂರೇ ದಿನ ಮೊದಲು ಮುಚ್ಚಿದರೆ ಆಗುವುದು ೧೭೯. ೧೮೦ಕ್ಕೆ ಒಂಬತ್ತು ದಿನ ರಜೆ. ೧೭೯ಕ್ಕೆ ಒಂದೂ ಇಲ್ಲ. ಒಂದು ದಿನದ ಅಂತರಕ್ಕೆ ಒಂಬತ್ತು ದಿನದ ಬೆಲೆ!

ಇನ್ನು ಕಚೇರಿಯ ಕಡೆಗೆ ಹೊರಳೋಣ. ಅಲ್ಲಿಯ ಇತ್ತೀಚಿನ ಕಥೆ ಬೇರೆ ಬಗೆಯದು. ೨೦೧೫ರ ಸೆಪ್ಟೆಂಬರ್ ೧ರಿಂದ ಬ್ಯಾಂಕುಗಳು ಅರ್ಧ ದಿನದ ಶನಿವಾರವನ್ನೇ ಕೈಬಿಟ್ಟವು. ಎರಡನೆಯ, ನಾಲ್ಕನೆಯ ಶನಿವಾರ ಪೂರ್ತಿ ಸೂಟಿ, ಉಳಿದವು ಪೂರ್ತಿ ಕೆಲಸ. ಅರ್ಧ ದಿನದ ಜಗಳ ಹೀಗೆ ಬುಡದಲ್ಲಿಯೇ ತೀರಿತು. ೨೦೧೯ರಲ್ಲಿ ನಮ್ಮ ರಾಜ್ಯ ಸರಕಾರವೂ ನಾಲ್ಕನೆಯ ಶನಿವಾರದ ಸೂಟಿ ಕೊಟ್ಟಿತು. ಜೊತೆಗೆ ವರ್ಷಕ್ಕೆ ೧೫ ಇದ್ದ ಸಾಂದರ್ಭಿಕ ರಜೆಯನ್ನು ೧೦ಕ್ಕೆ ಇಳಿಸಿತು. ಲೆಕ್ಕದ ಪ್ರಕಾರ ಇದು ಲಾಭವೇ: ಹನ್ನೆರಡು ದಿನ ಬಂದವು, ಐದು ಹೋದವು. ಆದರೆ ಬಂದದ್ದು ಸೂಟಿ, ಹೋದದ್ದು ರಜೆ. ಸವದತ್ತಿಯ ಗುಡ್ಡದ ಯಲ್ಲಮ್ಮನ ಭರತ ಹುಣ್ಣಿವೆ ಶನಿವಾರವನ್ನೇ ನೋಡಿಕೊಂಡು ಬರುವುದಿಲ್ಲ. ಮನೆಯ ಮುದುಕರ ಜ್ವರವೂ ವಾರ ಕೇಳಿ ಬರುವುದಿಲ್ಲ. ಸರಕಾರ ಆರಿಸಿದ ಹನ್ನೆರಡು ದಿನ, ತಾನು ಆರಿಸಬಹುದಾದ ಐದು ದಿನ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ನಮ್ಮ ಆಡುಮಾತು ಎರಡು ಶಬ್ದಗಳನ್ನು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಗಿರಣಿ ಮಾಲಕನ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು. ಬೆಳೆ ಕೆಟ್ಟರೆ ಅವನಿಗೂ ನಷ್ಟವೇ. ಹತ್ತಿಯೇ ಬರದಿದ್ದರೆ ಅವನು ಯಂತ್ರ ತಿರುಗಿಸಿ ಮಾಡುವುದಾದರೂ ಏನು? ಇದು ಸುಳ್ಳಲ್ಲ. ಆದರೆ ನಡೆಯದ ದಿನಕ್ಕೆ ರಜೆ ಕೊಡಿರೆಂದು ಯಾರೂ ಕೇಳುತ್ತಿಲ್ಲ. ದುಡಿದ ೧೫೬ ದಿನಕ್ಕೆ ಸಲ್ಲಬೇಕಾದ ಎಂಟು ದಿನವನ್ನು ದುಡಿಯದ ದಿನಗಳ ನೆವದಿಂದ ಕಸಿಯಬೇಡಿರೆಂಬುದಷ್ಟೇ ಬೇಡಿಕೆ. ಕಚೇರಿಯ ಕಾರಕೂನನ ನ್ಯಾಯವೂ ಇದೇ: ಅರ್ಧ ದಿನ ನಡೆದ ಕಚೇರಿಗೆ ಅರ್ಧ ದಿನದ ರಜೆ ಖರ್ಚಾಗಲಿ.

೧೮೮೧ರ ನಾಲ್ಕು ತಿಂಗಳು, ೧೯೪೫ರ ಹನ್ನೆರಡು ತಿಂಗಳು, ೧೯೪೮ರ ೨೪೦ ದಿನ, ಈಗಿನ ೧೮೦ ದಿನ: ಪ್ರತಿಯೊಂದು ಸಲವೂ ಒಂದು ಗೆರೆ, ಪ್ರತಿಯೊಂದು ಸಲವೂ ಗೆರೆಯ ಆಚೆ ನಿಂತವಳು ಸುಗ್ಗಿಯಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಗಳು. ಗೆರೆ ಅವಳ ಸಮೀಪಕ್ಕೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಇಪ್ಪತ್ತಕ್ಕೆ ಒಂದೆಂಬ ಲೆಕ್ಕ ಇಪ್ಪತ್ತೊಂದನೆಯ ದಿನದಿಂದಲೇ ಏಕೆ ನಡೆಯಬಾರದು? ಅದು ನಡೆದ ದಿನ ಗಿರಣಿ ಎಂದು ಮುಚ್ಚಿತೆಂಬ ಪ್ರಶ್ನೆಗೆ ಅವಳು ಅಂಜಬೇಕಾಗಿಲ್ಲ.