ಟ್ಯೂಲಿಪ್ ಹೂವಿನ ಗೆರೆಗಳು

ಮಧ್ಯ ಏಷ್ಯದ ಪರ್ವತಪ್ರದೇಶಗಳಲ್ಲಿ ತಾನಾಗಿ ಬೆಳೆಯುವ ಟ್ಯೂಲಿಪ್ ಪುಷ್ಪವು ತುರ್ಕಿಯ ಉದ್ಯಾನಗಳ ಮೂಲಕ ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನು ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದ ತೋಟದಲ್ಲಿ ನೆಟ್ಟ ಗೆಡ್ಡೆಗಳು 1594ರ ವಸಂತದಲ್ಲಿ ಅರಳಿದವು. ಈ ಕೃಷಿಗೆ ಚಳಿಯೇ ಜೀವಾಳ. ಶರತ್ಕಾಲದಲ್ಲಿ ನೆಟ್ಟ ಗೆಡ್ಡೆಯು ಹಲವು ವಾರಗಳ ಶೀತವನ್ನು ಉಂಡಲ್ಲದೆ ವಸಂತದಲ್ಲಿ ಚೆನ್ನಾಗಿ ಹೂಬಿಡದು.

ಹಾಲೆಂಡಿನವರ ಮನಸ್ಸನ್ನು ಸೆಳೆದುದು ಈ ಹೂವಿನ ಒಂದು ವಿಚಿತ್ರ ಗುಣ. ಒಂದೇ ಬಣ್ಣದ ಹೂ ಬಿಡುತ್ತಿದ್ದ ಗೆಡ್ಡೆಯು ಯಾವುದೋ ಒಂದು ವರ್ಷ ದಳಗಳ ಮೇಲೆ ಬೆಂಕಿಯ ನಾಲಗೆಯಂತಹ ಗೆರೆಗಳನ್ನು ತೋರುತ್ತಿತ್ತು. ಕಾರಣವನ್ನು ಯಾರೂ ಅರಿತಿರಲಿಲ್ಲ. ಇಂತಹ ಗೆಡ್ಡೆಗಳು ಮರಿಗೆಡ್ಡೆಗಳನ್ನು ಕಡಮೆ ಕೊಡುತ್ತಿದ್ದುದರಿಂದ ದುರ್ಲಭವಾದವು. ದುರ್ಲಭವಾದುದರಿಂದಲೇ ಅವುಗಳ ಬೆಲೆಯೇರಿತು. ಬಿಳಿಯ ದಳಗಳಲ್ಲಿ ಕೆಂಗೆರೆಗಳುಳ್ಳ ‘ಸೆಂಪರ್ ಆಗಸ್ಟಸ್’ ಹೂವಿನ ಒಂದು ಗೆಡ್ಡೆಯ ಬೆಲೆ ಸಾವಿರಾರು ಗಿಲ್ಡರುಗಳಿಗೆ ಏರಿತು. 1636-37ರ ಚಳಿಗಾಲದಲ್ಲಿ, ನೆಲದೊಳಗಿದ್ದ ಗೆಡ್ಡೆಗಳನ್ನು ಕಣ್ಣಿನಿಂದ ಕಾಣದೆಯೇ, ಬರಿಯ ಕರಾರುಪತ್ರಗಳ ಮೇಲೆ ಕೈಯಿಂದ ಕೈಗೆ ಮಾರಿದರು. 1637ರ ಫೆಬ್ರವರಿಯಲ್ಲಿ ಹಾರ್ಲೆಮ್ ನಗರದ ಹರಾಜಿನಲ್ಲಿ ಕೊಳ್ಳುವವರಿಲ್ಲದೆ ಹೋಗಲು, ಬೆಲೆಗಳು ಕೆಲವೇ ದಿನಗಳಲ್ಲಿ ಕುಸಿದವು.

ಗೆರೆಗಳ ಗುಟ್ಟು ಹೊರಬಿದ್ದುದು ಸುಮಾರು ಮುನ್ನೂರು ವರ್ಷಗಳ ತರುವಾಯ. ಡೊರೊಥಿ ಕೇಲಿ ಎಂಬ ಬ್ರಿಟಿಷ್ ವಿದುಷಿಯು ಗೆರೆಯ ಹೂ ಬಿಡುವ ಗೆಡ್ಡೆಯ ತುಣುಕನ್ನು ಆರೋಗ್ಯವಾದ ಗೆಡ್ಡೆಗೆ ಕಸಿಮಾಡಿ, ಇದು ಅಂಟುವ ರೋಗವೆಂದು 1928ರಲ್ಲಿ ತೋರಿಸಿದಳು. ಅದು ಸಸ್ಯಹೇನುಗಳು ಹರಡುವ ವೈರಸ್ಸಿನ ಕಾರ್ಯ. ಗೆಡ್ಡೆಯನ್ನು ಕ್ಷೀಣಗೊಳಿಸಿ ಅದರ ಸಂತಾನವನ್ನು ಕುಗ್ಗಿಸುವುದೂ ಅದೇ. ಈಗ ತೋಟಗಳಲ್ಲಿ ಕಾಣುವ ಗೆರೆಯ ಹೂಗಳ ಗುಣವು ತಳಿಯಿಂದಲೇ ಬಂದುದು. ರೋಗದ ಗಿಡವನ್ನು ಕಂಡರೆ ಬೆಳೆಗಾರರು ಕಿತ್ತುಹಾಕುವರು. ಹಿಂದಿನ ಧನಿಕರು ಹೊನ್ನು ಸುರಿದು ಕೊಂಡುದು ಆ ಗಿಡವನ್ನೇ.