ಸ್ಟಾಕರ್ ಚಿತ್ರದ ಆ ನೊರೆ

ತಾರ್ಕೋವ್‌ಸ್ಕಿಯ 'ಸ್ಟಾಕರ್' (1979) ಮೊದಲ ಸಲ ನೋಡಿದಾಗ ಅರ್ಧಕ್ಕೇ ನಿದ್ದೆ ಹೋಗಿದ್ದೆ. ಸುಳ್ಳು ಯಾಕೆ ಹೇಳ್ಲಿ! ಹತ್ತಿರ ಹತ್ತಿರ ಎರಡೂ ಮುಕ್ಕಾಲು ಗಂಟೆಯ ಸೋವಿಯತ್ ಸಿನಿಮಾ. ವೈಜ್ಞಾನಿಕ ಕಥೆ ಅಂತಾರೆ, ಒಂದು ರಾಕೆಟ್ ಇಲ್ಲ, ಅನ್ಯಗ್ರಹದ ಜೀವಿ ಇಲ್ಲ. ಮೂರು ಜನ ಗಂಡಸರು ಹುಲ್ಲು, ಕೆಸರಿನಲ್ಲಿ ನಡೀತಾ ವಾದ ಮಾಡ್ತಾರೆ, ಅಷ್ಟೇ. ಎರಡನೇ ಸಲ ಪೂರ್ತಿ ನೋಡಿದೆ. ಆಮೇಲೆ ಅದರ ಚಿತ್ರೀಕರಣದ ಕಥೆ ಓದಿದೆ...

'ವಲಯ' ಅನ್ನೋದು ಸೈನ್ಯ ಕಾಯುವ ನಿಷೇಧಿತ ಜಾಗ. ಅದರೊಳಗೊಂದು ಕೋಣೆ. ಒಳಹೊಕ್ಕವರ ಆಸೆ ಈಡೇರುತ್ತದೆ. ಬಾಯಲ್ಲಿ ಕೇಳಿದ್ದಲ್ಲ, ಮನಸ್ಸಿನ ತಳದಲ್ಲಿರುವುದು. ಹಿಂದೊಬ್ಬ ಸತ್ತ ಸೋದರನ ಜೀವ ಬೇಡಲು ಹೋದ. ಸಿಕ್ಕಿದ್ದು ಹಣದ ರಾಶಿ. ತಾನೆಂಥವನು ಅಂತ ಗೊತ್ತಾಗಿ ನೇಣು ಹಾಕಿಕೊಂಡ. ಹಾಗಾಗಿ ಈ ಮೂವರೂ ಬಾಗಿಲವರೆಗೆ ಹೋಗಿ ನಿಂತುಬಿಡ್ತಾರೆ. ಸ್ಟ್ರುಗಾಟ್‌ಸ್ಕಿ ಸೋದರರ ಮೂಲ ಕಾದಂಬರಿಯಲ್ಲಿ (1972) ವಲಯವೆಂದರೆ ಅನ್ಯಗ್ರಹದವರು ಬಿಟ್ಟುಹೋದ ಕಸ. ತಾರ್ಕೋವ್‌ಸ್ಕಿ ಅದನ್ನೇ ಗುಡಿಯಾಗಿಸಿದ. ಊರಿನ ದೃಶ್ಯಗಳು ಹೆಚ್ಚಾಗಿ ಕಂದು ಬಣ್ಣದಲ್ಲಿ, ವಲಯ ಹಸಿರು. ಅಲ್ಲಿ ತಲುಪಿದ ಕೂಡಲೇ ಸ್ಟಾಕರ್ ಹುಲ್ಲಿನಲ್ಲಿ ಮುಖ ಹುದುಗಿಸಿ ಅಡ್ಡಬೀಳ್ತಾನೆ.

ಆ ಹಸಿರಿನ ನಿಜ ವಿಳಾಸ ಎಸ್ಟೋನಿಯಾದ ತಾಲಿನ್ ಬಳಿಯ ಯಾಗಲಾ ನದಿ, ಅದರ ದಂಡೆಯ ಪಾಳುಬಿದ್ದ ಜಲವಿದ್ಯುತ್ ಸ್ಥಾವರಗಳು. ಮೊದಲು ತಜಿಕಿಸ್ತಾನದ ಇಸ್ಫರಾದಲ್ಲಿ ತೆಗೆಯುವ ಯೋಚನೆಯಿತ್ತು; 1977ರ ಭೂಕಂಪ ಅದನ್ನು ತಪ್ಪಿಸಿತು. ಎಸ್ಟೋನಿಯಾದಲ್ಲಿ ತೆಗೆದ ಹೊರಾಂಗಣದ ರೀಲುಗಳು ಸಂಸ್ಕರಣೆಯಲ್ಲಿ ಹಾಳಾದವು. ಛಾಯಾಗ್ರಾಹಕ ರೆರ್ಬೆರ್ಗ್ ಹೊರಬಿದ್ದ. 1978ರಲ್ಲಿ ಅದೇ ಪ್ರದೇಶದಲ್ಲಿ ಮತ್ತೆ ಮೊದಲಿನಿಂದ ಚಿತ್ರೀಕರಣ. ಧ್ವನಿ ವಿನ್ಯಾಸಕಾರ ವ್ಲಾದಿಮಿರ್ ಶರೂನ್ ಆಮೇಲೆ ನೆನಪಿಸಿಕೊಂಡ ಪ್ರಕಾರ, ನದಿಯ ಮೇಲ್ಭಾಗದ ರಾಸಾಯನಿಕ ಕಾರ್ಖಾನೆ ತನ್ನ ವಿಷವನ್ನು ನೀರಿಗೆ ಬಿಡುತ್ತಿತ್ತು. ಬೇಸಿಗೆಯಲ್ಲಿ ಬೀಳುವ 'ಹಿಮ', ತೇಲುವ ಬಿಳಿ ನೊರೆ ಎಲ್ಲವೂ ಅದೇ. ತಂಡದ ಹೆಂಗಸರ ಮುಖದಲ್ಲಿ ಅಲರ್ಜಿ ಎದ್ದಿತ್ತಂತೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. 2017ರಲ್ಲಿ, ಇಂಜಿನಿಯರಿಂಗ್ ಓದುವಾಗ, ಬೆಂಗಳೂರಿನ ವರ್ತೂರು ಕೋಡಿಯಲ್ಲಿ ರಸ್ತೆಗೆ ಹಾರುತ್ತಿದ್ದ ಕೆರೆಯ ನೊರೆಯನ್ನು ಫೋಟೋ ಹೊಡೆದು, 'ಥೇಟ್ ಮನಾಲಿ ಕಣೋ' ಅಂತ ಗೆಳೆಯರಿಗೆ ಕಳಿಸಿದ್ದೆ.

ಲೇಖಕನ ಪಾತ್ರ ಮಾಡಿದ ಸೊಲೊನಿತ್ಸಿನ್ 1982ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ತಾರ್ಕೋವ್‌ಸ್ಕಿ 1986ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ. ಎರಡಕ್ಕೂ ಆ ನದಿಯೇ ಕಾರಣ ಅಂತ ಶರೂನ್ ನಂಬಿದ್ದ. ಅದೊಬ್ಬ ಸಹೋದ್ಯೋಗಿಯ ನಂಬಿಕೆ, ವೈದ್ಯಕೀಯ ಪುರಾವೆ ಅಲ್ಲ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸಿಡಿದು, ಸುತ್ತ 30 ಕಿಲೋಮೀಟರ್ ನಿಷೇಧಿತ ವಲಯವಾಯಿತು. ಮುಂದೆ ಅಲ್ಲಿಗೆ ಕದ್ದು ನುಗ್ಗುವವರು ತಮ್ಮನ್ನು ಸ್ಟಾಕರ್ ಅಂತಲೇ ಕರೆದುಕೊಂಡರು. ಹಾಗಾಗಿ ಈ ಚಿತ್ರ ಭವಿಷ್ಯ ನುಡಿದಿತ್ತು ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಉರಲ್ ಸೀಮೆಯ ಮಾಯಾಕ್‌ನಲ್ಲಿ ಅಣುತ್ಯಾಜ್ಯದ ಟ್ಯಾಂಕ್ ಸಿಡಿದದ್ದು 1957ರಲ್ಲಿ. ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ! ವಲಯಗಳು ಆಗಲೇ ಇದ್ದವು, ಕ್ಯಾಮೆರಾ ಇಟ್ಟ ಜಾಗದಲ್ಲೂ ವಿಷ ಹರಿಯುತ್ತಿತ್ತು. ಭವಿಷ್ಯ ಎಲ್ಲಿಂದ ಬಂತು?

ಮೊನ್ನೆ ಮೂರನೇ ಸಲ ನೋಡಿದೆ. ಸೊಲೊನಿತ್ಸಿನ್ ಆ ಒದ್ದೆ ನೆಲದ ಮೇಲೆ ಮಲಗಿ, ಸುತ್ತ ನೀರಿಟ್ಟುಕೊಂಡು, ಕಲೆಯ ಬಗ್ಗೆ ಮಾತಾಡ್ತಾನೆ. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮೇಲೆ ಏಳಯ್ಯಾ ಮಾರಾಯ ಅಂತ ಮನಸ್ಸಲ್ಲೇ ಕೂಗ್ತಾ ಕೂತಿದ್ದೆ.